ಪಿಂಗಾಣಿ ಚೂರು ಮತ್ತು ಒಳನಾಡಿನ ಸಂತೆ: ತುಮಕೂರು, ಗುಬ್ಬಿ, ಕುಣಿಗಲ್ ಪರಿಸರವನ್ನು ಕುರಿತು

೧. ಪ್ರವೇಶ

ಕರ್ನಾಟಕದ ಪುರಾತತ್ತ್ವ ಅಧ್ಯಯನದಲ್ಲಿ ಮಡಕೆ ಚೂರಿಗೆ ಇರುವ ಸ್ಥಾನ ದೊಡ್ಡದು. ಶಾಸನವೂ ನಾಣ್ಯವೂ ದೊರೆಯದ ನೆಲೆಯೊಂದರ ಕಾಲವನ್ನು ಊಹಿಸುವಾಗ ವಿದ್ವಾಂಸರು ಮೊದಲು ಆಶ್ರಯಿಸುವುದು ಚೂರಿನ ಬಣ್ಣ, ಹೊಳಪು, ಕಂಠದ ಆಕಾರ ಹಾಗೂ ಸುಟ್ಟ ಬಗೆಯನ್ನು. ಬೃಹತ್ ಶಿಲಾಯುಗದ ಕಪ್ಪು-ಕೆಂಪು ಮಡಕೆಯಿಂದ ಶಾತವಾಹನರ ಕಾಲದ ಮಡಕೆಗಳವರೆಗೆ ಈ ಕ್ರಮ ಗಟ್ಟಿಯಾಗಿ ಬೆಳೆದಿದೆ. ಆದರೆ ಹದಿನೆಂಟನೆಯ ಶತಮಾನದಿಂದ ಈಚೆಗೆ ಬಂದಂತೆ ಈ ಗಮನ ಸಡಿಲಗೊಳ್ಳುತ್ತದೆ. ಮೇಲಿನ ಸ್ತರದಲ್ಲಿ ದೊರೆಯುವ, ನೀಲಿ ಚಿತ್ರದ ಬಿಳಿಯ ಪಿಂಗಾಣಿ ಚೂರು ‘ಈಚಿನದು’ ಎಂಬ ಒಂದೇ ಮಾತಿನಲ್ಲಿ ಬದಿಗೆ ಸರಿಯುತ್ತದೆ.

ಹೀಗೆ ಬದಿಗೆ ಸರಿದ ಚೂರು ಕೇಳಬಹುದಾದ ಪ್ರಶ್ನೆಗಳು ಸಣ್ಣವಲ್ಲ. ಸಾವಿರಾರು ಮೈಲಿ ದೂರದ ಕಾರ್ಖಾನೆಯಲ್ಲಿ ಅಚ್ಚಿನಿಂದ ಒಂದೇ ಮಾದರಿಯಲ್ಲಿ ತಯಾರಾದ ಪಾತ್ರೆ, ಕಡಲತೀರದಿಂದ ಬಹುದೂರವಿರುವ ವಾರದ ಸಂತೆಯೊಂದರ ಪರಿಸರಕ್ಕೆ ಹೇಗೆ ಬಂದಿತು? ಅದನ್ನು ಯಾರು ಕೊಂಡರು, ಯಾರು ಮುಟ್ಟಲಿಲ್ಲ? ಅದರಿಂದ ಊರ ಕುಂಬಾರನಿಗೆ ಏನಾಯಿತು? ಇವು ವಸ್ತುವಿನ ಪ್ರಶ್ನೆಗಳಷ್ಟೇ ಅಲ್ಲ, ಸಮಾಜದ ಮತ್ತು ಭಾಷೆಯ ಪ್ರಶ್ನೆಗಳೂ ಹೌದು. ತುಮಕೂರು, ಗುಬ್ಬಿ ಮತ್ತು ಕುಣಿಗಲ್ ಎಂಬ ನೆರೆಹೊರೆಯ ಮೂರು ಊರುಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ಬಿಡಿಸುವ ದಾರಿ ಯಾವುದೆಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ‘ಆಮದು’ ಎಂಬ ಮಾತಿನ ಎಚ್ಚರ

ಆಮದು ಮಡಕೆಯ ವಿಚಾರದಲ್ಲಿ ಕರ್ನಾಟಕದ ಅಧ್ಯಯನಕ್ಕೆ ಹಳೆಯ ಪಾಠವೊಂದಿದೆ. ತುಮಕೂರಿಗೆ ಉತ್ತರದಲ್ಲಿರುವ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಅದಕ್ಕೆ ಎರಡು ವರ್ಷ ಮೊದಲು, ೧೯೪೫ರಲ್ಲಿ, ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಅವರು ರೋಮನ್ ವ್ಯಾಪಾರದ ಕುರುಹುಗಳ ಜೊತೆಗೆ ಒಳಭಾಗದಲ್ಲಿ ಸುತ್ತು ಚುಕ್ಕೆಗಳ ಅಲಂಕಾರವಿರುವ ರೌಲೆಟೆಡ್ ಮಡಕೆಯನ್ನು ಗುರುತಿಸಿದ್ದರು. ಈ ಮಡಕೆ ಮೆಡಿಟರೇನಿಯನ್ ಮೂಲದ್ದೆಂದೂ ಕ್ರಿಸ್ತಶಕದ ಆರಂಭದ ಕಾಲದ್ದೆಂದೂ ಅವರು ತಿಳಿದರು. ಅದೇ ಬಗೆಯ ಚೂರು ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ದೊರೆತಾಗ ಅದನ್ನೇ ಅಳತೆಗೋಲಾಗಿಸಿ ದಕ್ಷಿಣ ಭಾರತದ ಒಳನಾಡಿನ ಸ್ತರಗಳ ಕಾಲವನ್ನು ಕಟ್ಟಿದರು. ದಖನ್ನಿನ ಕಾಲಾನುಕ್ರಮ ಹೀಗೆ ಒಂದು ಬಗೆಯ ಚೂರಿನ ಮೇಲೆ ಬಹುಮಟ್ಟಿಗೆ ನಿಂತಿತು.

ಮುಂದೆ ೧೯೮೦ರ ದಶಕದಲ್ಲಿ ವಿಮಲಾ ಬೆಗ್ಲಿ ಅರಿಕಮೇಡುವಿನ ಸಾಮಗ್ರಿಯನ್ನು ಮರುಪರಿಶೀಲಿಸಿ, ಈ ಮಡಕೆಯ ಬಳಕೆ ವೀಲರ್ ತಿಳಿದುದಕ್ಕಿಂತ ಹಿಂದೆಯೇ ಆರಂಭವಾಗಿತ್ತೆಂದೂ ಅದು ಭಾರತದಲ್ಲೇ ತಯಾರಾದುದೆಂದೂ ವಾದಿಸಿದರು. ೧೯೯೭ರಲ್ಲಿ ವಿ. ಡಿ. ಗೋಗಟೆ ಅವರ ಖನಿಜ ವಿಶ್ಲೇಷಣೆ ಅದರ ಮೂಲವನ್ನು ಬಂಗಾಳದ ಚಂದ್ರಕೇತುಗಢ-ತಾಮ್ಲುಕ್ ಪ್ರದೇಶದ ಕಡೆಗೆ ತೋರಿಸಿತು. ವಿದೇಶದ್ದೆಂದು ನಂಬಿದ್ದ ವಸ್ತು ಉಪಖಂಡದೊಳಗಿನ ದೂರವ್ಯಾಪಾರದ ಸಾಕ್ಷಿಯಾಗಿ ಬದಲಾಯಿತು. ಚೂರು ಬದಲಾಗಲಿಲ್ಲ, ಅದನ್ನು ಓದುವ ಕ್ರಮ ಬದಲಾಯಿತು.

ಈ ಪ್ರಸಂಗದಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ನಯವಾದ, ಏಕರೂಪದ ಪಾತ್ರೆ ಕಂಡೊಡನೆ ಅದು ಹೊರಗಿನದೆಂದು ಭಾವಿಸುವುದು ಒಂದು ಪೂರ್ವಗ್ರಹ. ಹಾಗೆಯೇ ಒಳನಾಡಿನ ಊರು ದೂರದ್ದು, ಆದ್ದರಿಂದ ಹಿಂದುಳಿದುದು ಎಂಬುದು ಇನ್ನೊಂದು ಪೂರ್ವಗ್ರಹ. ಹತ್ತೊಂಬತ್ತನೆಯ ಶತಮಾನದ ಪಿಂಗಾಣಿಯನ್ನು ಓದುವಾಗಲೂ ಇವೆರಡನ್ನು ದೂರವಿಡಬೇಕಾಗುತ್ತದೆ.

೩. ಮೂರು ಊರುಗಳು, ಮೂರು ದಾರಿಗಳು

ಒಂದೇ ಜಿಲ್ಲೆಯ ಈ ಮೂರು ಊರುಗಳು ಹೊರಜಗತ್ತಿನ ಸರಕಿಗೆ ತೆರೆದುಕೊಂಡ ಬಗೆ ಬೇರೆಬೇರೆ. ಹೋಲಿಕೆಯ ಅಧ್ಯಯನಕ್ಕೆ ಇವು ಒದಗುವುದು ಈ ಕಾರಣದಿಂದ.

ಗುಬ್ಬಿ ಮೊದಲಿನಿಂದಲೂ ವ್ಯಾಪಾರದ ಊರು. ೧೮೦೦ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಕಥನದಲ್ಲಿ, ೧೮೦೭ರಲ್ಲಿ ಪ್ರಕಟವಾದ ಸಂಪುಟಗಳಲ್ಲಿ, ಗುಬ್ಬಿಯನ್ನು ಗಮನಾರ್ಹ ವ್ಯಾಪಾರ ಕೇಂದ್ರವಾಗಿ ಗುರುತಿಸಿದ್ದಾನೆ. ಅಡಕೆ, ಕೊಬ್ಬರಿ, ಒರಟು ಬಟ್ಟೆ, ಕಂಬಳಿಗಳ ವಹಿವಾಟು ಇಲ್ಲಿನ ಸಂತೆಯ ಬೆನ್ನೆಲುಬು. ಈ ಸಂತೆಯ ಜನಸಂದಣಿಯೇ ವೆಸ್ಲಿಯನ್ ಮಿಷನರಿಗಳನ್ನೂ ಗುಬ್ಬಿಗೆ ಸೆಳೆಯಿತು. ೧೮೩೦ರ ದಶಕದ ಕೊನೆಯಲ್ಲಿ ಇಲ್ಲಿ ಮಿಷನ್ ಕೇಂದ್ರ ನೆಲೆಗೊಂಡಿತ್ತು. ಇಲ್ಲಿ ಕೆಲಸ ಮಾಡಿದ ವಿಲಿಯಂ ಆರ್ಥರ್ ೧೮೪೭ರಲ್ಲಿ ಮೈಸೂರಿನ ತನ್ನ ಅನುಭವಗಳ ಪುಸ್ತಕವನ್ನು ಪ್ರಕಟಿಸಿದ. ಎಂದರೆ ರೈಲು ಬರುವುದಕ್ಕೆ ನಾಲ್ಕು ದಶಕ ಮೊದಲೇ ಗುಬ್ಬಿಯಲ್ಲಿ ಯುರೋಪಿಯನ್ ಮನೆವಾರ್ತೆಯೊಂದು ಇತ್ತು.

ತುಮಕೂರಿನ ಸಂಗತಿ ಆಡಳಿತಕ್ಕೆ ಸಂಬಂಧಿಸಿದ್ದು. ೧೮೩೧ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಗೆ ಹೋದಮೇಲೆ ಚಿತ್ರದುರ್ಗ ವಿಭಾಗದ ಅಧಿಕಾರಿ ಇಲ್ಲಿ ನೆಲೆಸಿದ. ಆ ಹುದ್ದೆಯಲ್ಲಿದ್ದ ಡಾಬ್ಸ್‌ನ ಹೆಸರು ಬೆಂಗಳೂರು-ತುಮಕೂರು ರಸ್ತೆಯ ಡಾಬಸ್‌ಪೇಟೆಯಲ್ಲಿ ಇಂದಿಗೂ ಉಳಿದಿದೆ. ಅಧಿಕಾರಿಗಳ ಬಂಗಲೆ, ಕಚೇರಿ, ಪ್ರವಾಸಿ ಬಂಗಲೆಗಳು ಪೇಟೆಯಿಂದ ದೂರದಲ್ಲಿ, ತಮ್ಮದೇ ಆದ ಕಸದ ಗುಂಡಿಗಳೊಡನೆ ಬೆಳೆದವು.

ಕುಣಿಗಲ್ ಈ ಎರಡಕ್ಕಿಂತ ಭಿನ್ನ. ದೊಡ್ಡಕೆರೆಯಿಂದ ಜನಪದರ ಬಾಯಲ್ಲಿ ಹೆಸರಾದ ಈ ಊರು ಟಿಪ್ಪು ಸುಲ್ತಾನನ ಕಾಲದಿಂದ ಕುದುರೆ ಸಾಕಣೆಯ ನೆಲೆ. ತಾಲ್ಲೂಕಿನ ಹುಲಿಯೂರುದುರ್ಗ, ಹುತ್ರಿದುರ್ಗಗಳನ್ನು ೧೭೯೧ರಲ್ಲಿ ಕಾರ್ನ್‌ವಾಲಿಸನ ಸೈನ್ಯ ವಶಪಡಿಸಿಕೊಂಡಿತು. ಇಲ್ಲಿಗೆ ಹೊರಗಿನ ವಸ್ತು ಬಂದ ಮೊದಲ ದಾರಿಗಳಲ್ಲಿ ದಂಡು ಮತ್ತು ಲಾಯಗಳನ್ನೂ ಎಣಿಸಬೇಕು. ರೈಲಿನ ವಿಚಾರದಲ್ಲಂತೂ ಅಂತರ ಎದ್ದುಕಾಣುತ್ತದೆ. ಬೆಂಗಳೂರಿಗೆ ಮದರಾಸಿನ ಕಡೆಯಿಂದ ೧೮೬೪ರಲ್ಲಿ ರೈಲು ಬಂದಿತು. ಬೆಂಗಳೂರಿನಿಂದ ತುಮಕೂರು, ಗುಬ್ಬಿಗಳ ಮೂಲಕ ಹರಿಹರದ ಕಡೆಗೆ ಸಾಗಿದ ಮಾರ್ಗ ೧೮೮೦ರ ದಶಕದ್ದು. ಕುಣಿಗಲ್ ಮೂಲಕ ಹಾಸನಕ್ಕೆ ಹೋಗುವ ರೈಲು ಮಾರ್ಗ ಪೂರ್ಣವಾಗಿ ತೆರೆದದ್ದು ೨೦೧೭ರಲ್ಲಿ. ಗುಬ್ಬಿಗೂ ಕುಣಿಗಲ್ಲಿಗೂ ನಡುವೆ ಒಂದು ಶತಮಾನಕ್ಕಿಂತ ಹೆಚ್ಚಿನ ಅಂತರವಿದೆ.

ಆದುದರಿಂದ ‘ದೂರದ ಮಾರುಕಟ್ಟೆ’ ಎಂಬ ಮಾತಿನ ಅರ್ಥ ಮೈಲಿಗಲ್ಲಿನಿಂದ ತಿಳಿಯುವುದಿಲ್ಲ. ರೈಲು, ಅಧಿಕಾರಿ, ಮಿಷನ್, ದಂಡು ಎಂಬ ನಾಲ್ಕು ದಾರಿಗಳಲ್ಲಿ ಯಾವುದು ಯಾವಾಗ ತೆರೆಯಿತು ಎಂಬುದೇ ಇಲ್ಲಿ ದೂರದ ಅಳತೆ.

೪. ಕಾರ್ಖಾನೆಯ ಮುದ್ರೆಯನ್ನು ಓದುವ ಕ್ರಮ

ಹದಿನೆಂಟನೆಯ ಶತಮಾನದ ನಡುವಿನಿಂದ ಇಂಗ್ಲೆಂಡಿನ ಸ್ಟ್ಯಾಫರ್ಡ್‌ಶೈರ್ ಪ್ರದೇಶದಲ್ಲಿ ಬಿಳಿಯ ಮೈಯ ಪಾತ್ರೆಗಳ ತಯಾರಿಕೆ ಕಾರ್ಖಾನೆಯ ರೂಪ ಪಡೆಯಿತು. ತಾಮ್ರದ ಹಲಗೆಯಲ್ಲಿ ಕೆತ್ತಿದ ಚಿತ್ರವನ್ನು ತೆಳು ಕಾಗದಕ್ಕೆ ಇಳಿಸಿ, ಅಲ್ಲಿಂದ ಪಾತ್ರೆಯ ಮೈಗೆ ಅಂಟಿಸುವ ಮುದ್ರಣ ವಿಧಾನ ಬಂದಮೇಲೆ ಒಂದೇ ಚಿತ್ರ ಸಾವಿರಾರು ತಟ್ಟೆಗಳ ಮೇಲೆ ಮೂಡತೊಡಗಿತು. ಚೀನೀ ಪಾತ್ರೆಯ ಅನುಕರಣೆಯಾದ ನೀಲಿ ವಿಲೋ ಚಿತ್ರ ಇವುಗಳಲ್ಲಿ ಹೆಚ್ಚು ಪ್ರಸಿದ್ಧ. ಹತ್ತೊಂಬತ್ತನೆಯ ಶತಮಾನದಲ್ಲಿ ಗ್ಲಾಸ್ಗೋವಿನ ಬೆಲ್ ಕಂಪನಿ, ಹಾಲೆಂಡಿನ ಮಾಸ್ಟ್ರಿಕ್ಟ್‌ನ ಪೆಟ್ರುಸ್ ರೆಗೌಟ್ ಕಾರ್ಖಾನೆಗಳು ಏಷ್ಯದ ಮಾರುಕಟ್ಟೆಗಾಗಿಯೇ ಪಾತ್ರೆ ತಯಾರಿಸಿದವು. ಇಪ್ಪತ್ತನೆಯ ಶತಮಾನದಲ್ಲಿ ಜಪಾನಿನ ಅಗ್ಗದ ಪಾತ್ರೆ ಇವುಗಳ ಜೊತೆ ಸೇರಿತು.

ಇಂಥ ಪಾತ್ರೆಯ ಬೆನ್ನಿನ ಮುದ್ರೆ ಸಂಶೋಧಕನಿಗೆ ಶಾಸನದ ಕಾಲಸೂಚನೆ ಇದ್ದಂತೆ. ಬ್ರಿಟನ್ನಿನಲ್ಲಿ ೧೮೪೨ರಿಂದ ೧೮೮೩ರವರೆಗೆ ನೋಂದಾಯಿತ ವಿನ್ಯಾಸಗಳಿಗೆ ವಜ್ರಾಕೃತಿಯ ಮುದ್ರೆ ಇತ್ತು. ೧೮೮೪ರಿಂದ ಅದರ ಸ್ಥಾನದಲ್ಲಿ ನೋಂದಣಿ ಸಂಖ್ಯೆ ಬಂದಿತು. ಅಮೆರಿಕದ ೧೮೯೦ರ ಸುಂಕ ಕಾಯಿದೆ ತಯಾರಾದ ದೇಶದ ಹೆಸರನ್ನು ಕಡ್ಡಾಯಗೊಳಿಸಿತು. ಇದರಿಂದ ‘ಇಂಗ್ಲೆಂಡ್’ ಎಂಬ ಬರಹ ಸಾಮಾನ್ಯವಾಗಿ ೧೮೯೧ರ ಈಚಿನದು. ಜಪಾನಿನ ಪಾತ್ರೆಗಳಲ್ಲಿ ‘ನಿಪ್ಪಾನ್’ ಎಂಬುದು ೧೮೯೧ರಿಂದ ೧೯೨೧ರ ನಡುವಿನ ರಫ್ತಿನ ಗುರುತು. ‘ಮೇಡ್ ಇನ್ ಜಪಾನ್’ ಅದರ ಅನಂತರದ್ದು. ಅಮೆರಿಕದ ಮಾರುಕಟ್ಟೆಗಾಗಿ ಬಂದ ನಿಯಮ ಗುಬ್ಬಿಯ ಚೂರೊಂದರ ಕಾಲವನ್ನು ಹೇಳಬಲ್ಲುದು. ಸಮೂಹ ಉತ್ಪಾದನೆಯ ಸ್ವರೂಪವೇ ಅಂಥದು.

ಆದರೆ ಮುದ್ರೆಯನ್ನು ನಂಬುವಾಗಲೂ ಎಚ್ಚರ ಬೇಕು. ನಮ್ಮ ಮನೆಗಳ ಮೇಲೆಯೇ ಇದಕ್ಕೆ ಉದಾಹರಣೆ ಇದೆ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ೧೮೬೫ರಲ್ಲಿ. ಆ ಕಾರ್ಖಾನೆಯ ಹೆಂಚುಗಳ ಮೇಲೆ ೧೮೬೫ ಎಂದು ಅಚ್ಚಾಗಿರುವುದನ್ನು ಕಂಡು ಮನೆಯನ್ನು ಆ ವರ್ಷದ್ದೆಂದು ಹೇಳುವವರುಂಟು. ಅದು ಕಾರ್ಖಾನೆಯ ಸ್ಥಾಪನೆಯ ವರ್ಷವೇ ಹೊರತು ಹೆಂಚಿನ ವರ್ಷವಲ್ಲ. ಶಾಸನದಲ್ಲಿ ವಂಶದ ಮೂಲಪುರುಷನ ಹೆಸರು ಬಂದಮಾತ್ರಕ್ಕೆ ಶಾಸನ ಅವನ ಕಾಲದ್ದಾಗದಿರುವಂತೆ ಇದೂ ಸಹ.

ಇನ್ನೊಂದು ತೊಡಕು ತಯಾರಾದ ಕಾಲಕ್ಕೂ ಒಡೆದು ಬಿದ್ದ ಕಾಲಕ್ಕೂ ಇರುವ ಅಂತರ. ಸ್ಟ್ಯಾನ್ಲಿ ಸೌತ್ ೧೯೭೭ರ ತನ್ನ ಗ್ರಂಥದಲ್ಲಿ ಚೂರುಗಳ ತಯಾರಿಕೆಯ ಅವಧಿಗಳ ಸರಾಸರಿಯಿಂದ ನೆಲೆಯ ಕಾಲವನ್ನು ಲೆಕ್ಕಹಾಕುವ ಸೂತ್ರವನ್ನು ವಿವರಿಸಿದ. ಹೊಸ ಪಾತ್ರೆ ಬೇಗ ಬಂದು ಬೇಗ ಒಡೆಯುವ ಅಮೆರಿಕದ ವಸಾಹತು ನೆಲೆಗಳಿಗೆ ಅದು ಹೊಂದಿತು. ಒಳನಾಡಿನ ಪೇಟೆಯಲ್ಲಿ ಅಪರೂಪದ ಪಿಂಗಾಣಿ ಪಾತ್ರೆ ಎರಡು-ಮೂರು ತಲೆಮಾರು ಉಳಿಯಬಹುದು. ವರ್ಗವಾಗಿ ಹೋಗುವ ಅಧಿಕಾರಿಯ ಮನೆಯಿಂದ ಹಳೆಯ ಪಾತ್ರೆ ಅಗ್ಗದ ಬೆಲೆಗೆ ಪೇಟೆಗೆ ಇಳಿಯಬಹುದು. ಆದುದರಿಂದ ಮುದ್ರೆ ಹೇಳುವುದು ‘ಇದಕ್ಕಿಂತ ಹಿಂದಿನದಲ್ಲ’ ಎಂಬುದನ್ನು ಮಾತ್ರ.

೫. ಎಲೆ, ಗಂಗಳ, ಪಿಂಗಾಣಿ

ಒಂದು ಊರಿನಲ್ಲಿ ಪಿಂಗಾಣಿ ತಟ್ಟೆಯ ಚೂರು ಕಡಿಮೆ ದೊರೆತರೆ ಅದನ್ನು ಬಡತನದ ಗುರುತೆಂದು ತಿಳಿಯುವುದು ಸುಲಭ. ೧೯೮೦ರಲ್ಲಿ ಜಾರ್ಜ್ ಮಿಲ್ಲರ್ ಹತ್ತೊಂಬತ್ತನೆಯ ಶತಮಾನದ ಪಾತ್ರೆಗಳ ಬೆಲೆಪಟ್ಟಿಗಳನ್ನು ಆಧರಿಸಿ, ಅಲಂಕಾರದ ಬಗೆಯಿಂದ ಮನೆಯ ಆರ್ಥಿಕ ಸ್ಥಿತಿಯನ್ನು ಅಳೆಯುವ ಕ್ರಮವನ್ನು ರೂಪಿಸಿದ. ಆದರೆ ಆ ಕ್ರಮದ ಹಿಂದೆ, ಎಲ್ಲರೂ ಒಂದೇ ಬಗೆಯ ತಟ್ಟೆಯಲ್ಲಿ ಉಣ್ಣುತ್ತಾರೆ ಎಂಬ ಗ್ರಹಿಕೆ ಇದೆ. ತುಮಕೂರು ಸೀಮೆಯಲ್ಲಿ ಅದು ನಿಲ್ಲುವುದಿಲ್ಲ.

ಇಲ್ಲಿ ಊಟದ ಮೊದಲ ತಟ್ಟೆ ಎಲೆ. ಮುತ್ತುಗದ ಎಲೆ, ಬಾಳೆ ಎಲೆಗಳು ಮಣ್ಣಿನಲ್ಲಿ ಕರಗಿ ಹೋಗುತ್ತವೆ, ಅವುಗಳಿಗೆ ಸ್ತರವಿಲ್ಲ. ಎರಡನೆಯದು ಕಂಚಿನ ಗಂಗಳ. ಒಡೆದರೂ ಅದನ್ನು ಯಾರೂ ತಿಪ್ಪೆಗೆ ಎಸೆಯುವುದಿಲ್ಲ, ತೂಕಕ್ಕೆ ಕೊಟ್ಟು ಕರಗಿಸುತ್ತಾರೆ. ಹೀಗಾಗಿ ಹೆಚ್ಚು ಬಳಕೆಯ ವಸ್ತು ಕಡಿಮೆ ಉಳಿಯುತ್ತದೆ, ಕಡಿಮೆ ಬಳಕೆಯ ಪಿಂಗಾಣಿ ಹೆಚ್ಚು ಉಳಿಯುತ್ತದೆ. ಚೂರನ್ನು ಎಣಿಸುವ ಸಂಶೋಧಕ ಕಾಣದ ಎಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪಾತ್ರೆಯ ಆಕಾರವೂ ಬಹಳ ಮಾತಾಡುತ್ತದೆ. ಪೂರ್ವ ಆಫ್ರಿಕದ ಜಾಂಜಿಬಾರ್ ದ್ವೀಪದ ಲವಂಗದ ತೋಟಗಳಲ್ಲಿ ಅಧ್ಯಯನ ನಡೆಸಿದ ಸಾರಾ ಕ್ರೌಚರ್ ಯುರೋಪಿನ ಕಾರ್ಖಾನೆಯ ಪಾತ್ರೆಗಳು ಅಲ್ಲಿನ ಜನರ ಉಣ್ಣುವ ಕ್ರಮದೊಳಗೆ ಸೇರಿಕೊಂಡ ಬಗೆಯನ್ನು ೨೦೧೫ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಕೊಂಡವರು ಯುರೋಪಿಯನ್ನರಾಗಲಿಲ್ಲ, ಯುರೋಪಿನ ಪಾತ್ರೆ ಅವರದಾಯಿತು. ಈ ದೃಷ್ಟಿಯಿಂದ ನೋಡಿದರೆ ಚೂರಿನ ಮೇಲಿನ ಗೀರೂ ಆಕರವಾಗುತ್ತದೆ. ಚಾಕು-ಮುಳ್ಳುಚಮಚದಲ್ಲಿ ತಿಂದ ತಟ್ಟೆಯ ಮೇಲೆ ಸಣ್ಣ ಗೀರುಗಳು ಉಳಿಯುತ್ತವೆ. ಕೈಯಿಂದ ಉಂಡ ತಟ್ಟೆಯ ಮೇಲೆ ಉಳಿಯುವುದಿಲ್ಲ. ಬಳಸದೆಯೇ ಸಾಗಣೆಯಲ್ಲಿ ಒಡೆದ ಅಂಗಡಿಯ ಸರಕಾದರೆ ಒಂದೇ ಚಿತ್ರದ ಹಲವು ಪಾತ್ರೆಗಳ ಚೂರು ಸವೆತವಿಲ್ಲದೆ ಒಟ್ಟಿಗೆ ದೊರೆಯಬೇಕು. ಮಿಷನ್ ಮನೆ, ವರ್ತಕನ ಮನೆ, ಅಂಗಡಿ ಇವುಗಳ ಕಸವನ್ನು ಬೇರ್ಪಡಿಸುವ ಕ್ರಮ ಇದು.

ಮಡಿ-ಮೈಲಿಗೆಯ ವಿಚಾರವನ್ನು ಬಿಟ್ಟು ಈ ಚರ್ಚೆ ಮುಗಿಯುವುದಿಲ್ಲ. ಸಂಪ್ರದಾಯಸ್ಥ ಮನೆಗಳ ಅಡುಗೆಮನೆಗೆ ಪಿಂಗಾಣಿ ತಟ್ಟೆ ಬಹುಕಾಲ ಬರಲಿಲ್ಲ. ಆದರೆ ಉಪ್ಪಿನಕಾಯಿಯ ಜಾಡಿ ಬಂದಿತು. ಉಪ್ಪು, ಹುಳಿಗಳು ಹಿತ್ತಾಳೆಯನ್ನು ಕಿಲುಬಿಸುತ್ತವೆ, ಮಣ್ಣಿನ ಪಾತ್ರೆಯ ಮೈಯೊಳಗೆ ಇಳಿಯುತ್ತವೆ. ಗಾಜಿನ ಲೇಪವಿರುವ ಜಾಡಿಗೆ ಈ ಎರಡು ದೋಷಗಳೂ ಇಲ್ಲ. ಉಣ್ಣುವ ಪಾತ್ರೆಗೆ ಅಡ್ಡ ಬಂದ ಆಚಾರ ಶೇಖರಿಸುವ ಪಾತ್ರೆಗೆ ದಾರಿ ಬಿಟ್ಟಿತು. ಇತ್ತ ಊರ ಹೋಟೆಲಿನಲ್ಲಿ ದಲಿತರಿಗೆ ಬೇರೆ ಲೋಟ ಇಡುವ, ಇಲ್ಲವೇ ತೆಂಗಿನ ಚಿಪ್ಪಿನಲ್ಲಿ ಎತ್ತಿ ಹೊಯ್ಯುವ ಅಸ್ಪೃಶ್ಯತೆಯ ಆಚರಣೆ ಇತ್ತು. ಪಿಂಗಾಣಿ ಕಪ್ಪಿನ ಚೂರು ಎಲ್ಲಿ ಬಿದ್ದಿದೆ ಎಂಬುದು ಹಣದ ಮಾತಷ್ಟೇ ಅಲ್ಲ, ಯಾರ ತುಟಿಗೆ ಯಾವ ಪಾತ್ರೆಯನ್ನು ಸಮಾಜ ಒಪ್ಪಿತು ಎಂಬುದರ ಮಾತೂ ಹೌದು. ಚಿಪ್ಪು ಕೊಳೆತು ಹೋಗುತ್ತದೆ. ಅವಮಾನದ ಪಾತ್ರೆಗೆ ಪುರಾತತ್ತ್ವದ ಸಾಕ್ಷಿ ಉಳಿಯುವುದಿಲ್ಲ. ಅದನ್ನು ಮೌಖಿಕ ಆಕರಗಳಿಂದಲೇ ತುಂಬಿಕೊಳ್ಳಬೇಕು.

೬. ಕುಂಬಾರನ ಪ್ರಶ್ನೆ

ವಿದೇಶಿ ಬಟ್ಟೆ ನೇಕಾರನನ್ನು ಕೆಡಿಸಿದಂತೆ ವಿದೇಶಿ ಪಿಂಗಾಣಿ ಕುಂಬಾರನನ್ನು ಕೆಡಿಸಿತು ಎಂಬ ತೀರ್ಮಾನ ಕೇಳಲು ಸಹಜವಾಗಿದೆ. ಆದರೆ ಪಾತ್ರೆಗಳ ಪಟ್ಟಿಯನ್ನು ಎದುರುಬದುರು ಇಟ್ಟು ನೋಡಿದರೆ ಈ ತೀರ್ಮಾನ ಸಡಿಲವಾಗುತ್ತದೆ. ಹರಿಹರನು ರಗಳೆ ಬರೆದ ಗುಂಡಯ್ಯನ ಕಾಲದಿಂದಲೂ ಕುಂಬಾರನ ತಿಗರಿಯಿಂದ ಇಳಿಯುತ್ತಿದ್ದುದು ಗಡಿಗೆ, ಹರವಿ, ಗುಡಾಣ, ಕುಡಿಕೆ, ಮೊಗೆ. ಇವುಗಳ ಕೆಲಸ ಬೇಯಿಸುವುದು, ನೀರು ತಂಪಾಗಿಡುವುದು, ಕಾಳು ತುಂಬುವುದು. ಬಂದ ಪಿಂಗಾಣಿ ತಟ್ಟೆ, ಕಪ್ಪು, ಬಸಿ, ಜಾಡಿಗಳು. ಪಿಂಗಾಣಿ ಒಲೆಯ ಮೇಲೆ ನಿಲ್ಲಲಾರದು. ನೀರು ತಂಪಾಗಿಸಲೂ ಆರದು. ಜಾಡಿಯೊಂದನ್ನು ಬಿಟ್ಟರೆ ಇವೆರಡರ ನಡುವೆ ನೇರ ಪೈಪೋಟಿ ಕಡಿಮೆ.

ಕುಂಬಾರನಿಗೆ ಪೆಟ್ಟು ಬಿದ್ದದ್ದು ಬೇರೆ ಎರಡು ಕಡೆಯಿಂದ. ಒಂದು ಲೋಹ. ಆಲ್ಫ್ರೆಡ್ ಚಾಟರ್ಟನ್ ಮದರಾಸಿನಲ್ಲಿ ೧೮೯೦ರ ದಶಕದ ಕೊನೆಯಲ್ಲಿ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದ. ಮುಂದೆ ಅವನೇ ಮೈಸೂರು ಸಂಸ್ಥಾನದ ಕೈಗಾರಿಕೆ ಇಲಾಖೆಯ ನಿರ್ದೇಶಕನಾದ. ಒಲೆಯ ಮೇಲೆ ಮಡಕೆಯ ಸ್ಥಾನವನ್ನು ಹಿಡಿದದ್ದು ಈ ಹಗುರ ಲೋಹ. ಇನ್ನೊಂದು ಪೆಟ್ಟು ಸೂರಿನಿಂದ ಬಂದಿತು. ನಾಡಹೆಂಚು ಕುಂಬಾರನ ಕೈಯ ವಸ್ತು. ಮಳೆಗಾಲಕ್ಕೆ ಮುನ್ನ ಪ್ರತಿ ಊರಿನಲ್ಲೂ ಅದಕ್ಕೆ ಬೇಡಿಕೆ. ಮಂಗಳೂರು ಹೆಂಚು ಮತ್ತು ಅದೇ ಮಾದರಿಯ ಕಾರ್ಖಾನೆ ಹೆಂಚುಗಳು ಆ ಬೇಡಿಕೆಯನ್ನು ಕಿತ್ತುಕೊಂಡವು. ಕಾರ್ಖಾನೆಯಲ್ಲಿ ಸುಟ್ಟ ಮಣ್ಣು ಕುಂಬಾರನನ್ನು ಸೋಲಿಸಿದ್ದು ಊಟದ ತಟ್ಟೆಯ ರೂಪದಲ್ಲಲ್ಲ, ಮನೆಯ ಮಾಡಿನ ರೂಪದಲ್ಲಿ. ಸಮೂಹ ಉತ್ಪಾದನೆಯ ಇತಿಹಾಸವನ್ನು ಅಡುಗೆಮನೆಯಲ್ಲಿ ಹುಡುಕುವವರು ತಲೆಯೆತ್ತಿಯೂ ನೋಡಬೇಕು.

೭. ಪದವೂ ಒಂದು ಚೂರು

ಈ ಅಧ್ಯಯನದಲ್ಲಿ ಕನ್ನಡ ವಿಭಾಗಗಳ ಪಾಲು ಮುಖ್ಯವಾಗುವುದು ಪದಗಳ ನೆಲೆಯಲ್ಲಿ. ‘ಪಿಂಗಾಣಿ’ ಎಂಬುದು ಬಟ್ಟಲು ಎಂಬರ್ಥದ ಪರ್ಶಿಯನ್ ಪಿಂಗಾನ್ ಶಬ್ದಕ್ಕೆ ಸಂಬಂಧಿಸಿದ್ದು. ಅರಬ್ಬಿಯ ಫಿಂಜಾನ್, ತಮಿಳಿನ ಪೀಂಗಾನ್, ಮಲಯಾಳದ ಪಿಞ್ಞಾಣಂ ಅದೇ ಬಳಗದವು. ವಸ್ತು ಚೀನಾದ್ದೋ ಇಂಗ್ಲೆಂಡಿನದೋ ಆಗಿರಲಿ, ಹೆಸರು ಪಶ್ಚಿಮ ಏಷ್ಯದ ವ್ಯಾಪಾರದ ಜಾಡಿನಲ್ಲಿ ಬಂದಿತು. ಇಂಗ್ಲಿಷ್ ಪಾತ್ರೆ ಒಳನಾಡಿಗೆ ತಲುಪುವ ಹೊತ್ತಿಗೆ ಅದನ್ನು ಕರೆಯಲು ಹೆಸರು ಸಿದ್ಧವಾಗಿತ್ತು.

ಆದರೆ ಈ ಪದದ ಬಳಕೆಯಲ್ಲಿ ಒಂದು ಸಂದಿಗ್ಧವೂ ಇದೆ. ಆಡುಮಾತಿನಲ್ಲಿ ಎನಾಮಲ್ ಲೇಪದ ಕಬ್ಬಿಣದ ತಟ್ಟೆಯನ್ನೂ ಪಿಂಗಾಣಿ ತಟ್ಟೆ ಎನ್ನುತ್ತಾರೆ. ಹಳೆಯ ಲೆಕ್ಕಪತ್ರ, ಪಾಲುಪತ್ರ, ಕಾದಂಬರಿಗಳಲ್ಲಿ ಪಿಂಗಾಣಿ ಎಂದು ಕಂಡಲ್ಲೆಲ್ಲ ಸುಟ್ಟ ಮಣ್ಣನ್ನೇ ಊಹಿಸಿದರೆ ತಪ್ಪಾದೀತು. ಪಠ್ಯದ ಪದವನ್ನು ನೆಲದ ಚೂರಿನೊಡನೆ, ಚೂರನ್ನು ಹಿರಿಯರ ಬಾಯಿಮಾತಿನೊಡನೆ ಹೋಲಿಸಿ ನೋಡುವ ಕ್ರಮ ಅವಶ್ಯಕ.

ಮಕ್ಕಳ ಆಟವನ್ನೂ ಇಲ್ಲಿ ನೆನೆಯಬೇಕು. ಒಡೆದ ಪಾತ್ರೆಯ ಬೋಕಿಯನ್ನು ಉಜ್ಜಿ ದುಂಡಗೆ ಮಾಡಿ ಕುಂಟೆಬಿಲ್ಲೆಗೆ ಬಳಸುವುದು ಹಳೆಯ ರೂಢಿ. ಉತ್ಖನನ ವರದಿಗಳಲ್ಲಿ ಮಡಕೆ ಚೂರಿನ ಬಿಲ್ಲೆಗಳು ಮತ್ತೆಮತ್ತೆ ಬರುತ್ತವೆ. ನುಣುಪಾದ ಪಿಂಗಾಣಿ ಚೂರು ಮಕ್ಕಳ ಕಣ್ಣಿಗೆ ಬೇಗ ಬೀಳುತ್ತದೆ. ಒಂದು ಮನೆಯ ಹಿತ್ತಿಲಿಂದ ಇನ್ನೊಂದು ಬೀದಿಗೆ ಹೋಗುತ್ತದೆ. ಅಂಚು ಸವೆದ ಒಂಟಿ ಚೂರನ್ನು ಅದು ದೊರೆತ ಮನೆಯ ಪಾತ್ರೆ ಎಂದು ಬರೆದುಕೊಳ್ಳುವ ಮೊದಲು ಈ ಆಟ ನೆನಪಿರಬೇಕು.

೮. ಸಮಾರೋಪ

ಪ್ರಾಚೀನ ವಸ್ತುಗಳನ್ನು ಕುರಿತ ೧೯೭೨ರ ಕೇಂದ್ರ ಕಾಯಿದೆ ನೂರು ವರ್ಷ ದಾಟಿದ ವಸ್ತುವನ್ನು ಸಾಮಾನ್ಯವಾಗಿ ಪ್ರಾಚೀನವೆಂದು ಪರಿಗಣಿಸುತ್ತದೆ. ರೈಲು ಗುಬ್ಬಿಗೆ ಬಂದ ಕಾಲದ ಪಾತ್ರೆಗಳು ಈ ಮಿತಿಯನ್ನು ದಾಟಿ ದಶಕಗಳೇ ಕಳೆದಿವೆ. ಆದರೆ ಅವು ಇರುವುದು ರಕ್ಷಿತ ಸ್ಮಾರಕಗಳಲ್ಲಲ್ಲ. ಹಳೆಯ ಪೇಟೆ ಬೀದಿಗಳ ಹಿತ್ತಿಲು, ಬಾವಿ, ಚರಂಡಿಗಳ ಮಣ್ಣಿನಲ್ಲಿ. ರಸ್ತೆ ಅಗಲವಾದಾಗ, ಹಳೆಯ ಮನೆಯ ಪಾಯ ತೋಡಿದಾಗ ಈ ಮಣ್ಣು ಲಾರಿಯಲ್ಲಿ ಹೊರಟುಹೋಗುತ್ತದೆ. ೨೦೧೬ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ತುಮಕೂರಿನಂಥ ನಗರದಲ್ಲಿ ಈ ಮಾತಿಗೆ ಹೆಚ್ಚಿನ ತುರ್ತಿದೆ.

ಇದಕ್ಕೆ ದೊಡ್ಡ ಉತ್ಖನನವೇ ಬೇಕೆಂದಿಲ್ಲ. ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿ ಪಾಯ ತೋಡಿದ ಜಾಗದ ಚೂರುಗಳನ್ನು ಅಲ್ಲಿಯೇ ಚಿತ್ರ ತೆಗೆದು, ದೊರೆತ ಆಳ, ಬೀದಿ, ಚಿತ್ರ, ಮುದ್ರೆ, ಗೀರು ಇವುಗಳನ್ನು ಬರೆದಿಟ್ಟುಕೊಳ್ಳಬಹುದು. ಅದೇ ಬೀದಿಯ ಹಿರಿಯರಿಂದ ಪಾತ್ರೆಯ ಹೆಸರು, ಬಳಕೆ, ನಿಷೇಧಗಳನ್ನು ಕೇಳಿ ಜೊತೆಗಿಡಬಹುದು. ತುಮಕೂರಿನ ಬಂಗಲೆ, ಗುಬ್ಬಿಯ ಪೇಟೆ, ಕುಣಿಗಲ್ಲಿನ ಲಾಯದ ಪರಿಸರ ಈ ಮೂರರಿಂದ ಒಂದೇ ಕ್ರಮದಲ್ಲಿ ದಾಖಲಾದ ಸಾಮಗ್ರಿ ದೊರೆತರೆ, ಹೊರಗಿನ ಸರಕು ನಮ್ಮ ಸಮಾಜದೊಳಗೆ ಯಾವ ಬಾಗಿಲಿನಿಂದ ಬಂದು ಯಾವ ಹೊಸ್ತಿಲಲ್ಲಿ ನಿಂತಿತು ಎಂಬುದನ್ನು ಆಧಾರಸಹಿತ ಹೇಳಲು ಸಾಧ್ಯವಾಗುತ್ತದೆ. ಶಾಸನ, ಹ‌ಸ್ತಪ್ರತಿಗಳನ್ನು ಓದಿ ಪಳಗಿದ ಕನ್ನಡ ಸಂಶೋಧನೆಗೆ ಈ ಓದು ಹೊರಗಿನದಲ್ಲ.